ಕಾಳುಮಳೆ ಟೀಚರಮ್ಮ

ಹೋದ ತಿಂಗಳು ನಮ್ಮ ಶಾಲೆಯಿಂದ ನಿವೃತ್ತರಾದ ಟೀಚರಮ್ಮನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಸಂಜೆಯೊಳಗೆ ಆದೋನಿಯಿಂದ ಫೋನು ಬರುತ್ತದೆ. “ಅಲ್ಲ ತಂಗೀ, ನನ್ನ ಹೆಸರೇನೋ ಹಾಕೀದಿ. ಎರಡನೇ ಸಾಲಿನಾಗ ಪೂರ್ಣವಿರಾಮ ಎಲ್ಲಿ ಹೋತು?” ಎಂದು ಕೇಳುವವರು ಅವರು. ಹೆಸರಿಲ್ಲದಿದ್ದರೆ ಇದು ಬೇರೆ ಯಾರದೋ ಕತೆ ಅಂದುಕೊಂಡು, ತಪ್ಪು ಕಂಡರೂ ಸುಮ್ಮನಿದ್ದಾರು ಎಂಬ ಆಸೆ ನನ್ನದು.

ಅವರು ಕಲಿಸುತ್ತಿದ್ದದ್ದು ಕನ್ನಡ. ಆದರೆ ಆಂಧ್ರದ ಗಡಿಯೊಳಗಿರುವ ನಮ್ಮ ಹೊಳಗುಂದದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಮ್ಮೂರಿನ ಕನ್ನಡ ಟೀಚರು ಯಾರು ಎಂದು ಕೇಳಿದರೆ ಜನ ಯೋಚನೆಗೆ ಬೀಳುತ್ತಿದ್ದರು. ಛತ್ರಿ ಹಿಡಿದುಕೊಂಡು ಬರುತ್ತಾರಲ್ಲ ಎಂದರೆ ಮಾತ್ರ, “ಓಹೋ, ಮಳಿ ಟೀಚರಮ್ಮಾರಾ!” ಎಂದು ಎಲ್ಲರ ಮುಖದಲ್ಲೂ ಒಂದು ನಗು ಬರುತ್ತಿತ್ತು. ಆ ನಗುವಿನಲ್ಲಿ ಗೌರವ ಎಷ್ಟು, ತಮಾಷೆ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಟೀಚರಮ್ಮನಿಗೂ ಅದರ ಗೊಡವೆ ಇರಲಿಲ್ಲ.

ಕುಳ್ಳಗಿನ ಆಳು, ದೊಡ್ಡ ದನಿ. ಗಂಡಸರ ಕರಿ ಛತ್ರಿ. ಅದರ ಒಂದು ಕಡ್ಡಿ ಮುರಿದಿದ್ದರಿಂದ ಬಿಚ್ಚಿದಾಗ ಒಂದು ಮೂಲೆ ರೆಕ್ಕೆ ಮುರಿದ ಕಾಗೆಯ ಹಾಗೆ ಜೋಲುತ್ತಿತ್ತು. ನಮ್ಮ ಕಡೆ ಛತ್ರಿ ಹಿಡಿಯುವುದು ಬಿಸಿಲಿಗೆ. ಇವರು ಮಾತ್ರ ನೆತ್ತಿ ಸುಡುವ ಬಿಸಿಲಿನಲ್ಲಿ ಅದನ್ನು ಮಡಚಿ ಬಗಲಿಗಿಟ್ಟುಕೊಂಡು ನಡೆಯುವರು. ಕೇಳಿದರೆ, “ಇದು ಮಳಿಗಿ ತಂದಿದ್ದು” ಎನ್ನುವರು. ಆದೋನಿಯ ಬಸ್ಸಿನಿಂದ ಇಳಿಯುವಾಗ ಮೆಟ್ಟಿಲ ಮೇಲೆ ನಿಂತು, ಮೊದಲು ಅಂಗೈ ಹೊರಗೆ ಚಾಚಿ, ಆಮೇಲೆ ಕಾಲು ಕೆಳಗಿಡುವುದು ಅವರ ರೂಢಿ. ಹಿಂದೆ ಇಳಿಯಲು ನಿಂತವರು, “ಅಮ್ಮಾ, ಕೈ ಅಲ್ರಿ, ಕಾಲು ಮುಂದಿಡ್ರಿ!” ಎಂದು ಕೂಗಿದರೂ ಅದು ತಪ್ಪುತ್ತಿರಲಿಲ್ಲ.

ಈ ಮಳೆಯ ಹುಚ್ಚು ಅವರಿಗೆ ಹತ್ತಿದ್ದು ಚೀನಾ ದೇಶದಿಂದ ಎಂದರೆ ಯಾರೂ ನಂಬುವುದಿಲ್ಲ. ಅವರ ಅಪ್ಪನಿಗೆ ಆದೋನಿಯ ಬಜಾರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ರಿಪೇರಿ ಆದ ರೇಡಿಯೋ ಸರಿಯಾಗಿದೆಯೇ ಎಂದು ನೋಡಲು ಅವರಪ್ಪ ದೂರದೂರದ ಸ್ಟೇಷನ್ನುಗಳನ್ನು ಹಿಡಿಯುತ್ತಿದ್ದರಂತೆ. ಅದರಲ್ಲಿ ಚೀನಾದಿಂದ ಹಿಂದಿಯಲ್ಲಿ ಮಾತಾಡುವ ಒಂದು ಸ್ಟೇಷನ್ ಸ್ಪಷ್ಟವಾಗಿ ಸಿಗುತ್ತಿತ್ತು. ನಿಮ್ಮ ದನಿ ಆದೋನಿಗೆ ಚೆನ್ನಾಗಿ ಕೇಳಿಸುತ್ತಿದೆ ಎಂದು ಅಪ್ಪ ಒಂದು ಕಾಗದ ಬರೆದು ಹಾಕಿದರು. ಅಷ್ಟಕ್ಕೇ ಸಂತೋಷಪಟ್ಟ ಆ ಸ್ಟೇಷನ್ನಿನವರು ವರ್ಷಕ್ಕೊಂದು ಬಣ್ಣದ ಕ್ಯಾಲೆಂಡರ್ ಕಳಿಸತೊಡಗಿದರು. ನಮ್ಮ ಮನೆಗಳಲ್ಲಿ ದೇವರ ಪಟದ ಕ್ಯಾಲೆಂಡರ್ ಇದ್ದ ಹಾಗೆ ಟೀಚರಮ್ಮನ ಮನೆಯ ಗೋಡೆಯಲ್ಲಿ ಚೀನಾದ ರೈತ ಎತ್ತು ಹೊಡೆಯುತ್ತಿದ್ದ.

ಆ ದೇಶದ ರೈತರು ಸೂರ್ಯನ ನಡೆಯನ್ನು ನೋಡಿ ವರ್ಷವನ್ನು ಇಪ್ಪತ್ನಾಲ್ಕು ಭಾಗ ಮಾಡಿಕೊಂಡಿದ್ದಾರೆ. ಒಂದೊಂದು ಭಾಗಕ್ಕೂ ಒಂದು ಹೆಸರು. ಹುಳುಗಳು ಏಳುವ ಕಾಲ, ಇಬ್ಬನಿ ಬೆಳ್ಳಗಾಗುವ ಕಾಲ, ಹೀಗೆ. ಟೀಚರಮ್ಮನಿಗೆ ಇಪ್ಪತ್ನಾಲ್ಕೂ ಬಾಯಿಪಾಠ. ಆದರೆ ಜೀವ ಇದ್ದದ್ದು ವಸಂತದ ಕೊನೆಗೆ, ಏಪ್ರಿಲ್ ಇಪ್ಪತ್ತರ ಹೊತ್ತಿಗೆ ಬರುವ ಒಂದರ ಮೇಲೆ. ಆ ಹೆಸರಿನ ಅರ್ಥ ಕಾಳಿನ ಮಳೆ ಎಂದು. ಅದನ್ನು ಅವರು ಕಾಳುಮಳೆ ಮಾಡಿಕೊಂಡಿದ್ದರು. ಆ ದಿನ ಮಳೆ ಬಂದರೆ ಆ ವರ್ಷ ಕಾಳು ತುಂಬಿ ಬರುತ್ತದೆಂದು ಅಲ್ಲಿಯವರ ನಂಬಿಕೆ. ಹತ್ತಿ, ಅವರೆ, ಸೋರೆ ಎಲ್ಲ ಹಾಕುವುದು ಆಗಲೇ. ಆ ದಿನ ಕಿತ್ತ ಚಹಾದೆಲೆ ಕುಡಿದರೆ ಕಣ್ಣಿಗೆ ಒಳ್ಳೆಯದಂತೆ. ಅದಕ್ಕಾಗಿ ಟೀಚರಮ್ಮ ವರ್ಷಕ್ಕೊಮ್ಮೆ ಸ್ಟಾಫ್‌ರೂಮಿನಲ್ಲಿ ಹಾಲು ಸಕ್ಕರೆ ಇಲ್ಲದ ಚಹಾ ಮಾಡಿ ಎಲ್ಲರಿಗೂ ಕುಡಿಸುತ್ತಿದ್ದರು. ಮೊದಲ ಸಲ ಕುಡಿದ ಹೆಡ್‌ಮಾಸ್ಟರು ಲೋಟದೊಳಗೆ ನೋಡಿ, “ಹಾಲು ಒಡೆದಿತ್ತೇನ್ರಿ ಮೇಡಂ?” ಎಂದಿದ್ದರು.

ಇನ್ನೊಂದು ಕತೆಯೂ ಇತ್ತು. ತುಂಬಾ ಹಿಂದೆ ಚೀನಾದಲ್ಲಿ ಒಬ್ಬ ಮುದುಕ ಹಕ್ಕಿಯ ಹೆಜ್ಜೆ, ಪ್ರಾಣಿಯ ಹೆಜ್ಜೆ ನೋಡಿ ನೋಡಿ ಮೊದಲ ಅಕ್ಷರಗಳನ್ನು ಬರೆದನಂತೆ. ಅದನ್ನು ಕಂಡು ಆಕಾಶಕ್ಕೆ ಎಷ್ಟು ಆನಂದವಾಯಿತೆಂದರೆ, ಮೇಲಿಂದ ಕಾಳು ಸುರಿಯಿತಂತೆ. ಕಾಳುಮಳೆ ಎಂಬ ಹೆಸರು ಬಂದದ್ದು ಹೀಗೂ ಇರಬಹುದು ಎಂದು ಅಲ್ಲಿಯವರು ಹೇಳುತ್ತಾರಂತೆ. ಈ ಕತೆ ಹೇಳಿ ಮುಗಿಸಿದ ಮೇಲೆ ಟೀಚರಮ್ಮ ಒಂದನೇ ತರಗತಿಯ ಹುಡುಗರತ್ತ ಬೆರಳು ತೋರಿಸಿ, “ನೀವು ‘ಅ’ ಬರೀರಿ, ಮ್ಯಾಲಿಂದ ಏನ ಬೀಳ್ತೈತಿ ನೋಡೂನು” ಎನ್ನುವರು. ಮಕ್ಕಳು ‘ಅ’ ಬರೆದು ಸೂರು ನೋಡುತ್ತ ಕೂರುತ್ತಿದ್ದವು. ಒಂದು ಸಲ ಹಲ್ಲಿ ಬಿತ್ತು.

ಮಳೆ ಯಾವಾಗ ಬರುತ್ತದೆಂದು ಅವರು ಹೇಳಿದ್ದು ನಿಜವಾದದ್ದು ಬಹಳ ಕಡಿಮೆ. ಒಂದು ವರ್ಷ ಶಾಲೆಯ ವಾರ್ಷಿಕೋತ್ಸವದ ದಿನ ಮೋಡ ನೋಡಿ, “ಇವತ್ತು ಬಿಡಂಗಿಲ್ಲ” ಎಂದುಬಿಟ್ಟರು. ಹೆಡ್‌ಮಾಸ್ಟರು ಹೆದರಿ ಬಯಲಿನ ಶಾಮಿಯಾನ ಬಿಚ್ಚಿಸಿ ಕಾರ್ಯಕ್ರಮವನ್ನು ಕೋಣೆಯೊಳಗೆ ಮಾಡಿಸಿದರು. ಒಂದು ಹನಿ ಬೀಳಲಿಲ್ಲ. ಒಳಗೆ ಅತಿಥಿಗಳು ಬೆವರಿನಲ್ಲಿ ತೊಯ್ದು ತೊಪ್ಪೆಯಾದರು. ನಮ್ಮ ಮನೆಯ ಸಂಡಿಗೆಯನ್ನು ಇವರ ಮಾತು ಕೇಳಿ ಒಳಗೆ ತಂದು, ಅದು ಬೂಷ್ಟು ಹಿಡಿದು, ಎತ್ತಿಗೆ ಹಾಕಿದ್ದೂ ಉಂಟು. ಕೇಳಿದರೆ ಒಂದೇ ಉತ್ತರ. “ಎಲ್ಲೋ ಒಂದು ಕಡಿ ಬಂದೈತಿ ಬಿಡ. ಇಲ್ಲೇ ಬರಬೇಕಂತ ಬಾಂಡ್ ಬರಕೊಟ್ಟೈತೇನ ಮೋಡ?”

ಇಂಥವರಿಗೆ ಎದುರಾಳಿ ಎಂದರೆ ನಮ್ಮ ಮಾವ. ನಾನು ಈ ಊರಿಗೆ ಸೊಸೆಯಾಗಿ ಬಂದು, ಇದೇ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಮಾವ ಹೊಲದ ಕೆಲಸ ಮಗನಿಗೆ ಬಿಟ್ಟು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಮಳೆನಕ್ಷತ್ರ ಎಣಿಸುವವರು. ಅಶ್ವಿನಿಯಿಂದ ಶುರುವಾಗಿ ಯಾವ ಮಳೆ ಬಂದರೆ ಏನು, ಬರದಿದ್ದರೆ ಏನು ಎಂದು ಕೇಳಲು ಓಣಿಯವರೆಲ್ಲ ಅವರ ಹತ್ತಿರ ಬರುತ್ತಿದ್ದರು. ಟೀಚರಮ್ಮ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೊತ್ತಿದ್ದರೆ ನಮ್ಮ ಕಟ್ಟೆಗೆ ಬಂದು, ನಾನು ಕೊಟ್ಟ ಮಂಡಕ್ಕಿ ಉಗ್ಗಾಣಿ ತಿನ್ನುತ್ತ ಮಾವನನ್ನು ಕೆಣಕುವರು.

“ಚೀನಾದೋರ ಲೆಕ್ಕ ಅಮಾಸಿ ಹುಣ್ಣಿವಿದೇನಮ್ಮಾ?” ಎಂದು ಮಾವ ಒಂದು ದಿನ ಕೇಳಿದರು.

“ಹಬ್ಬದ್ದು ಹಂಗೈತ್ರಿ ಮಾವಾರ. ಇದು ಮಾತ್ರ ಸೂರ್ಯಂದು. ನಿಮ್ಮ ಅಶ್ವಿನಿ ಭರಣಿ ಇದ್ದಂಗ. ಅದಕ್ಕ ಪ್ರತಿ ವರ್ಷ ಅದೇ ತಾರೀಖಿನ ಹಿಂದ್ಮುಂದ ಬರ್ತೈತಿ.”

“ಅಂದ್ರ ಅವ್ರೂ ಸೂರ್ಯನ್ನ ನೋಡಿ ಬಿತ್ತಾರ?”

“ಮತ್ತ ಟ್ಯೂಬ್‌ಲೈಟ್ ನೋಡಿ ಬಿತ್ತಾರೇನ್ರಿ?”

ಮಾವ ನಕ್ಕ ರಭಸಕ್ಕೆ ಬಾಯೊಳಗಿನ ಎಲೆಯಡಿಕೆ ಕಟ್ಟೆಯ ತುಂಬ ಆಯಿತು. ಅಂದಿನಿಂದ ಚೀನಾದ ರೈತರ ಮೇಲೆ ಅವರಿಗೆ ಒಂದು ಥರದ ನೆಂಟಸ್ತಿಕೆ ಬಂತು. ಆದರೆ ಜಗಳ ಅಲ್ಲೇ ಶುರುವಾದದ್ದು. ಕಾಳುಮಳೆಯ ದಿನ ನಮ್ಮಲ್ಲಿ ನಡೆಯುತ್ತಿರುವುದು ಅಶ್ವಿನಿ. ಅಶ್ವಿನಿಯಲ್ಲಿ ಮಳೆಯಾದರೆ ಮುಂದಿನ ಮಳೆಗಳೆಲ್ಲ ಕೈಕೊಡುತ್ತವೆ, ಬರುವುದಾದರೆ ಅದರ ಮುಂದಿನ ಭರಣಿಯಲ್ಲಿ ಬರಬೇಕು ಎಂಬುದು ಮಾವನ ಗಟ್ಟಿ ನಂಬಿಕೆ. ಸೂರ್ಯ ಒಬ್ಬನೇ, ದಿನ ಒಂದೇ. ಅಲ್ಲಿ ಆ ಮಳೆ ಬಂದರೆ ಹಬ್ಬ, ಇಲ್ಲಿ ಬಂದರೆ ಸೂತಕ.

“ಅದು ಆ ಊರ ಮಳಿಯಮ್ಮಾ, ನಮ್ಮ ಎರಿ ಹೊಲಕ್ಕ ನಡಿಯಂಗಿಲ್ಲ” ಎಂದು ಮಾವ.

“ನಡೀತೈತೋ ಇಲ್ಲೋ, ಬರ್ಲಿ ಮೊದ್ಲು” ಎಂದು ಟೀಚರಮ್ಮ.

ಬಹುಪಾಲು ವರ್ಷ ಮಳೆ ಇಬ್ಬರನ್ನೂ ಕೇಳದೆ ಬೇರೆಲ್ಲೋ ಹೋಗುತ್ತಿತ್ತು.

ಆಕಾಶದ ಮಾತು ಹಾಗಿರಲಿ, ಟೀಚರಮ್ಮ ತಮ್ಮದೇ ಒಂದು ಕಾಳುಮಳೆಯನ್ನು ಶಾಲೆಯಲ್ಲಿ ಪ್ರತಿ ವರ್ಷ ತಪ್ಪದೆ ಸುರಿಸುತ್ತಿದ್ದರು. ಪರೀಕ್ಷೆ ಮುಗಿದು, ಬೇಸಿಗೆ ರಜೆ ಹತ್ತಿರ ಬಂದು, ಶಾಲೆ ಒಪ್ಪೊತ್ತು ನಡೆಯುವ ದಿನಗಳವು. ಒಂದೊಂದು ಮಗುವೂ ಮನೆಯಿಂದ ಒಂದು ಹಿಡಿ ಕಾಳು ತರಬೇಕು. ಹೆಸರು, ಕಡಲೆ, ಅಲಸಂದಿ, ತೊಗರಿ, ಜೋಳ, ಯಾವುದಾದರೂ ಸರಿ. ಎಲ್ಲವನ್ನೂ ಮೊರದಲ್ಲಿ ಬೆರೆಸಿಕೊಂಡು ಟೀಚರಮ್ಮ ಒಬ್ಬರೇ ಶಾಲೆಯ ಮಾಳಿಗೆ ಹತ್ತುವರು. ಕೆಳಗೆ ನಿಂತ ಮಕ್ಕಳ ಮೇಲೆ ಹಿಡಿಹಿಡಿಯಾಗಿ ಸುರಿಯುವರು. ಮಕ್ಕಳು ಕಿರುಚುತ್ತ ಆರಿಸಬೇಕು. ಕೈಗೆ ಸಿಕ್ಕ ಕಾಳಿನ ಹೆಸರನ್ನು ನೆಲದ ಮೇಲೆ ಬರೆದು ತೋರಿಸಿದವರದು ಅಡುಗೆಯ ಡಬರಿಗೆ ಬೀಳುತ್ತಿತ್ತು. ಕೊನೆಗೆ ಅಡುಗೆಯಾಕೆ ಎಲ್ಲವನ್ನೂ ತೊಳೆದು ಬೇಯಿಸಿ, ಉಪ್ಪು ಮೆಣಸಿನಕಾಯಿ ಹಾಕಿ ಗುಗ್ಗರಿ ಮಾಡುವಳು. ನಾಲ್ಕಕ್ಷರದ ‘ಅಲಸಂದಿ’ ಸಿಕ್ಕವರು ಅಳುತ್ತಿದ್ದರು, ಎರಡೇ ಅಕ್ಷರದ ‘ಜೋಳ’ ಸಿಕ್ಕವರು ಕುಣಿಯುತ್ತಿದ್ದರು. ಒಬ್ಬ ಹುಡುಗ ಕಡಲೆ ಸಿಕ್ಕರೂ ‘ಜೋಳ’ ಎಂದು ಬರೆದು, “ನನ್ನ ಕಾಳಿನ ಹೆಸರು ಇದೇ ಟೀಚರ್” ಎಂದು ವಾದ ಮಾಡಿದ್ದ.

ಬಿತ್ತದ ಬೆಳೆಯದ ಬಿಸಿಲಿನ ದಿನ ಇದೆಂಥ ಕಾಳಿನ ಹಬ್ಬ ಎಂದು ಊರವರು ನಗುತ್ತಿದ್ದರು. ನಾನೂ ಬಹಳ ಕಾಲ ಇದನ್ನು ಚೀನಾದ ಹುಚ್ಚು ಎಂದೇ ತಿಳಿದಿದ್ದೆ. ಅದು ಏನೆಂದು ಗೊತ್ತಾದದ್ದು ಈರಮ್ಮನ ವರ್ಷ.

ನಮ್ಮ ಕಡೆ ಸುಗ್ಗಿಗೆ ಹೋಗುವುದು ಎಂದರೆ ನಮ್ಮ ಹೊಲದ ಸುಗ್ಗಿ ಅಲ್ಲ. ಇಲ್ಲಿ ಕೆಲಸ ಮುಗಿದ ಮೇಲೆ ಸಂಸಾರಕ್ಕೆ ಸಂಸಾರವೇ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಲಾರಿ ಹತ್ತುತ್ತದೆ. ಚಳಿಗಾಲದಲ್ಲಿ ಹೋದವರು ಯುಗಾದಿ ದಾಟಿದ ಮೇಲೆ ವಾಪಸು. ಅಷ್ಟು ದಿನ ಅವರ ಮಕ್ಕಳೂ ಅಲ್ಲೇ, ಗುಡಿಸಲು ಕಾಯುತ್ತ, ಕೂಸು ಆಡಿಸುತ್ತ. ನಮ್ಮ ಕ್ಲಾಸಿನ ಹಿಂದಿನ ಸಾಲುಗಳು ಖಾಲಿ. ಮರಳಿ ಬಂದ ಮೇಲೆ ಆ ಮಕ್ಕಳಿಗೆ ಶಾಲೆಯ ಕಡೆ ಮುಖ ಹಾಕಲು ನಾಚಿಕೆ. ಪಾಠ ಮರೆತಿರುತ್ತದೆ, ಜೊತೆಯವರು ಮುಂದೆ ಹೋಗಿರುತ್ತಾರೆ. ಇನ್ನು ಸ್ವಲ್ಪ ದಿನಕ್ಕೆ ರಜೆಯೂ ಬರುತ್ತದೆ. ಹಾಗೇ ಉಳಿದವರು ಜೂನಿನಲ್ಲೂ ಬರುತ್ತಿರಲಿಲ್ಲ.

ಈರಮ್ಮ ಏಳನೆಯ ತರಗತಿ. ಅಕ್ಷರ ಮುತ್ತಿನಂತೆ ಬರೆಯುತ್ತಿದ್ದ ಹುಡುಗಿ. ಆ ವರ್ಷ ಸುಗ್ಗಿಯಿಂದ ಬಂದು ವಾರವಾದರೂ ಶಾಲೆಗೆ ಬರಲಿಲ್ಲ. ಟೀಚರಮ್ಮ ನನ್ನನ್ನೂ ಕರೆದುಕೊಂಡು ಅವರ ಮನೆಗೆ ಹೋದರು. ಹುಡುಗಿ ಒಲೆಯ ಮುಂದೆ ಇದ್ದಳು. ಸೊಂಟದ ಮೇಲೆ ತಮ್ಮ. ನಮ್ಮನ್ನು ಕಂಡು ಎದ್ದು ಗೋಡೆಗೆ ಒರಗಿ ನಿಂತಳು.

“ಯಾಕ ಬಂದಿಲ್ಲ?” ಎಂದರು ಟೀಚರಮ್ಮ.

“ನಾ ಮರ್ತೀನ್ರಿ ಟೀಚರ್.”

“ಏನ ಮರ್ತೀದಿ?”

“ಎಲ್ಲಾ.”

“ಎಲ್ಲಾ ಅಂದ್ರ? ಏನೇನ ಮರ್ತೀದಿ ಒಂದೊಂದೇ ಹೇಳು, ಕೇಳೂನು.”

ಈರಮ್ಮ ಯೋಚಿಸಿದಳು. “ಸಂಧಿ ಮರ್ತೀನ್ರಿ. ಸವರ್ಣದೀರ್ಘ, ಗುಣ, ವೃದ್ಧಿ...” ಎಂದು ಹೇಳುತ್ತ ಹೋಗಿ, ಟೀಚರಮ್ಮನ ಮುಖ ನೋಡಿ ನಿಲ್ಲಿಸಿದಳು. ತುಟಿಯ ಅಂಚಿನಲ್ಲಿ ನಗು ಬಂತು.

“ಮರ್ತದ್ದು ಇಷ್ಟು ಚಂದಾಗಿ ನೆನಪೈತಲ್ಲ! ಓದಾಕ ಬರಬ್ಯಾಡ ನೀನು. ಕಾಳುಮಳಿ ಐತಿ, ಗುಗ್ಗರಿ ತಿನ್ನಾಕ ಬಾ. ತಮ್ಮನ್ನೂ ಕರ್ಕೊಂಡು ಬಾ.”

ಹೊರಗೆ ಕಟ್ಟಿಗೆ ಒಡೆಯುತ್ತಿದ್ದ ಈರಮ್ಮನ ಅಪ್ಪ ನಮ್ಮ ಹಿಂದೆಯೇ ಬಂದ. “ನಮಗೂ ಎರಡೆಕರೆ ಐತ್ರಿ ಮೇಡಂ. ಮಳಿ ಚಂದಾಗಿ ಆಗೂದಿದ್ರ ಇಲ್ಲೇ ಬಿತ್ತಿ ಇರ್ತೀವಿ, ಹುಡುಗೀನ ಕಳಿಸ್ತೀವಿ. ಆಗೂದಿಲ್ಲಂದ್ರ ಕೂಲಿ ಮೇಸ್ತ್ರಿ ಜೊತಿ ಬ್ಯಾರೆ ಊರಿಗಿ ಹೋಗೂದೇ” ಎಂದ.

ಕಾಳುಮಳೆಯ ದಿನ ಬೆಳಗಿನಿಂದಲೇ ಮೋಡ ಕಟ್ಟಿತ್ತು. ಈರಮ್ಮ ಬಂದಳು. ಸುಗ್ಗಿಯಿಂದ ಬಂದ ಉಳಿದ ಮಕ್ಕಳೂ ಬಂದಿದ್ದವು. ಟೀಚರಮ್ಮ ಮೊರ ಹಿಡಿದು ಮಾಳಿಗೆ ಹತ್ತಿ ಎರಡು ಹಿಡಿ ಸುರಿದಿದ್ದರೋ ಇಲ್ಲವೋ, ಗಾಳಿ ಎದ್ದಿತು. ಹೆಸರುಕಾಳಿನ ಜೊತೆಗೆ ಆಲಿಕಲ್ಲು ಬೀಳತೊಡಗಿದವು. ಮಕ್ಕಳು ಯಾವುದು ಕಾಳು, ಯಾವುದು ಕಲ್ಲು ಎಂದು ತಿಳಿಯದೆ ಎರಡನ್ನೂ ಬಾಯಿಗೆ ಹಾಕಿಕೊಂಡವು. ಆಮೇಲೆ ಮಳೆ ಬಂತು ನೋಡಿ, ಮಾಳಿಗೆಯ ಕೊಳವೆಯಿಂದ ಸೊಂಡಿಲು ಬಿಟ್ಟ ಹಾಗೆ ಸುರಿಯಿತು. ನಾವೆಲ್ಲ ಮಕ್ಕಳನ್ನು ಒಳಗೆ ಎಳೆಯುತ್ತಿದ್ದರೆ, ಮೇಲೆ ಟೀಚರಮ್ಮ ತಿರುವುಮುರುವಾದ ಛತ್ರಿ ಎತ್ತಿಕೊಂಡು, “ಬಂತು! ನೋಡ್ರಿ, ಬಂತು! ಚೂಡಂಡಿ ಸಾರ್!” ಎಂದು ಕನ್ನಡ ತೆಲುಗು ಎರಡರಲ್ಲೂ ಹೆಡ್‌ಮಾಸ್ಟರನ್ನು ಕೂಗುತ್ತಿದ್ದರು. ನಲವತ್ತು ದಾಟಿ ಎಷ್ಟೋ ವರ್ಷವಾಗಿದ್ದ ಆ ಹೆಂಗಸು ಅಂದು ಒಂದನೇ ತರಗತಿಯ ಮಗುವಿನ ಹಾಗೆ ಕುಣಿಯಿತು. ಈರಮ್ಮ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಒದ್ದೆ ಸೀರೆಯಲ್ಲೇ ಕೆಳಗಿಳಿದು ಬಂದ ಟೀಚರಮ್ಮ ಅವಳ ಕೈಗೆ ಚಾಕ್‌ಪೀಸ್ ಕೊಟ್ಟು, “ಮಳೆ ಅಂತ ಬರಿ” ಎಂದರು. ಅವಳು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದಳು.

ಅದೇ ಹೊತ್ತಿಗೆ ಊರೊಳಗೆ ನಮ್ಮ ಕಟ್ಟೆಯ ಮೇಲೆ ಮಾವನ ಮುಖ ಬಾಡಿತ್ತು. ಈರಮ್ಮನ ಅಪ್ಪ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದು, ಈ ಸಲ ಬಿತ್ತಬಹುದೇ ಎಂದು ಕೇಳಿದ್ದಾನೆ. ಮಾವ ತಮಗೆ ಗೊತ್ತಿದ್ದದ್ದನ್ನು ಹೇಳಿದ್ದಾರೆ. ಅಶ್ವಿನಿ ಸುರಿಯಿತು, ಈ ವರ್ಷದ ಮೇಲೆ ಆಸೆ ಇಟ್ಟುಕೊಳ್ಳಬೇಡ ಎಂದು. ಅವನು ಅಲ್ಲಿಂದಲೇ ಮೇಸ್ತ್ರಿಗೆ ಫೋನು ಮಾಡಿ, ಮುಂದಿನ ವಾರ ಸಂಸಾರ ಸಮೇತ ಬರುತ್ತೇವೆ ಎಂದು ಹೇಳಿಯೂ ಬಿಟ್ಟ. ಮಳೆ ನಿಂತು ನಾವು ಮೊರದಲ್ಲಿ ಉಳಿದ ಕಾಳಿನ ಗುಗ್ಗರಿ ಹಂಚುತ್ತಿದ್ದಾಗ ಈರಮ್ಮನನ್ನು ಕರೆಯಲು ಅವಳ ಅವ್ವ ಬಂದಳು. ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ಎಲೆಯ ಮೇಲಿನ ಗುಗ್ಗರಿ ಹಾಗೇ ಇಟ್ಟು, “ಮಳಿ ಕೈಕೊಡ್ತೈತಿ ಅಂತ ಯಜಮಾನ್ರು ಅಂದ್ರಂತ. ಹೋಗ್ತೀವಂತ್ರಿ ಟೀಚರ್. ಬರೂ ವಾರ” ಎಂದಳು.

ಟೀಚರಮ್ಮ ನೇರ ನಮ್ಮ ಮನೆಯ ಕಡೆ ನಡೆದರು. ಹಿಂದೆ ನಾನು, ಈರಮ್ಮ, ಅವಳ ಅವ್ವ. ಹಾದಿಯ ತುಂಬ ಕೆಸರು. ಅವರ ಒಂದು ಚಪ್ಪಲಿ ಎರೆಮಣ್ಣಿನಲ್ಲಿ ಹೂತುಹೋದರೂ ತಿರುಗಿ ನೋಡಲಿಲ್ಲ.

“ಬಂತಲ್ಲಮ್ಮಾ ನಿನ್ನ ಮಳಿ” ಎಂದರು ಮಾವ. ದನಿಯಲ್ಲಿ ತಮಾಷೆ ಇರಲಿಲ್ಲ.

“ಮಾವಾರ, ಈರಮ್ಮನ ಅಪ್ಪಗ ಹೇಳಿದ ಮಾತು ವಾಪಸ್ ತಗೋರಿ.”

“ಅದು ನನ್ನ ಮಾತಲ್ಲ ತಾಯಿ. ನಮ್ಮಪ್ಪ, ಅವರಪ್ಪ ಕಂಡು ಹೇಳಿದ್ದು. ನಾ ಹ್ಯಾಂಗ ವಾಪಸ್ ತಗೊಳ್ಳಿ? ನಾಳೆ ಬಿತ್ತಿ ಕೆಟ್ರ ಅವನು ನನ್ನ ಕೇಳ್ತಾನ, ನಿನ್ನ ಚೀನಾದೋರ್ನ ಕೇಳಂಗಿಲ್ಲ.”

ಟೀಚರಮ್ಮ ಕಟ್ಟೆಯ ಮೇಲೆ ಕೂತರು. ಸೆರಗು ಹಿಂಡಿದರು.

“ಮಾವಾರ, ನನಗ ಮಳಿ ಗೊತ್ತಿಲ್ಲ. ಯಾವತ್ತಾರ ನಾ ಅಂದದ್ದು ಬಂದೈತೇನ್ರಿ? ಇವತ್ತು ಬಂದದ್ದೂ ನನಗ ಕೇಳಿ ಬಂದಿಲ್ಲ. ಸುಗ್ಗಿಗಿ ಹೋದ ಹುಡುಗ್ರು ಊರಿಗಿ ಬರೂದು ಈ ದಿನದಾಗ. ಬರ್ರೋ ಅಂದ್ರ ನಾಚ್ಕೊಂತಾವ. ಪಾಠ ಅಂದ್ರ ಓಡ್ತಾವ. ಗುಗ್ಗರಿ ಅಂದ್ರ ಬರ್ತಾವ. ಒಂದು ದಿನ ಬಂದು ಒಂದು ಅಕ್ಷರ ಬರದ್ರ, ನನಗಿನ್ನೂ ಬರ್ತೈತಿ ಅಂತ ಧೈರ್ಯ ಆಗ್ತೈತಿ. ಜೂನ್‌ದಾಗ ತಾವೇ ಬರ್ತಾವ. ನಮ್ಮಪ್ಪನ ಕ್ಯಾಲೆಂಡರ್‌ದಾಗ ಆ ದಿನಕ್ಕೊಂದು ಚಂದನ್ನ ಹೆಸರು ಇತ್ತು. ತಗೊಂಡೆ. ಇಷ್ಟೇ ರೀ ನನ್ನ ಚೀನಾ.”

ಮಾವ ಎಲೆಯಡಿಕೆ ಚೀಲ ಬಿಚ್ಚಿದರು, ಕಟ್ಟಿದರು. ಆಮೇಲೆ ಈರಮ್ಮನ ಅಪ್ಪನನ್ನು ಕರೆಸಿದರು.

“ಏನೋ, ಅಶ್ವಿನಿ ಮಳಿ ಹೊಲಕ್ಕ ಆಗಂಗಿಲ್ಲ ಅಂತ ಅಂದಿದ್ದೆ. ಸಾಲಿಗಿ ಆಗಂಗಿಲ್ಲ ಅಂತ ಅಂದಿದ್ನೇನು?”

“ಇಲ್ರಿ ಯಜಮಾನ್ರ.”

“ಹಂಗಾರ ನೀ ಕೆಲಸಕ್ಕ ಹೋಗು. ಹುಡುಗಿ ಇಲ್ಲಿರ್ಲಿ.”

“ಎಲ್ಲಿರಬೇಕ್ರಿ?”

“ನಮ್ಮನ್ಯಾಗ. ನಮ್ಮ ಸೊಸಿ ಸಾಲಿಗಿ ಹೋಗ್ತಾಳ, ಜೊತಿಗಿ ಇಕಿನೂ ಹೋಗ್ತಾಳ.”

ಸೊಸೆ ಬಾಗಿಲಲ್ಲೇ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳನ್ನು ಕೇಳಬೇಕು ಎಂದು ಮಾವನಿಗಾಗಲಿ ಟೀಚರಮ್ಮನಿಗಾಗಲಿ ತೋಚಲೇ ಇಲ್ಲ. ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ. ಆದರೂ ಒಂದು ಮಾತು ಕೇಳಬಹುದಿತ್ತು.

ಈರಮ್ಮನ ಅಪ್ಪ ಹೂಂ ಎಂದ, ಆದರೆ ಕಣ್ಣು ಹೆಂಡತಿಯ ಕಡೆ ಹೋಯಿತು. “ಸಣ್ಣವನ್ನ ಯಾರು ನೋಡ್ಕೋಬೇಕ್ರಿ ಅಲ್ಲಿ? ಇಕಿ ಇದ್ರ ನಮ್ಮಾಕಿ ಕೂಲಿ ಮಾಡ್ತಾಳ” ಎಂದ. ನಿಜವಾದ ತೊಡಕು ಅದು. ಈರಮ್ಮ ನೆಲ ನೋಡುತ್ತ ತಮ್ಮನನ್ನು ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

ಅಷ್ಟು ಹೊತ್ತು ಬೇವಿನ ಮರದ ಹತ್ತಿರ ನಿಂತಿದ್ದ ಅವಳ ಅವ್ವ ಮುಂದೆ ಬಂದಳು. ಮಗಳ ಸೊಂಟದಿಂದ ಕೂಸನ್ನು ತೆಗೆದುಕೊಂಡು ತನ್ನ ಬೆನ್ನಿಗೆ ಹಾಕಿಕೊಂಡು ಸೆರಗಿನಿಂದ ಬಿಗಿಯಾಗಿ ಕಟ್ಟಿದಳು.

“ಹಿಂಗ ದುಡೀತೀನಿ. ಇಕಿ ಓದ್ಲಿ” ಎಂದಳು.

ಹೀಗೆ ಈರಮ್ಮ ನಮ್ಮ ಮನೆಗೆ ಬಂದಳು. ಆ ವರ್ಷದ ಮಳೆಯ ವಿಷಯಕ್ಕೆ ಬಂದರೆ, ಭರಣಿ ಒಣಗಿಯೇ ಹೋಯಿತು. ಮುಂಗಾರು ತಡವಾಗಿ ಶುರುವಾಗಿ ಅರ್ಧಕ್ಕೆ ನಿಂತಿತು. ನೋಡಿದೆಯಾ ಎಂದು ಮಾವ ಮೀಸೆ ತಿರುವಿದರು. ಹಿಂಗಾರು ಚೆನ್ನಾಗಿ ಬಂದು ಜೋಳ ಆಳೆತ್ತರ ನಿಂತಿತು. ನೋಡಿದಿರಾ ಎಂದು ಟೀಚರಮ್ಮ ಉಗ್ಗಾಣಿ ಎರಡನೇ ಸಲ ಹಾಕಿಸಿಕೊಂಡರು. ಈರಮ್ಮ ಸಂಜೆ ಹೊತ್ತು ಮಾವನಿಗೆ ಪಂಚಾಂಗ ಓದಿ ಹೇಳುವಳು. ಮಾವ ನಡುವೆ ತಡೆದು, “ಅಲ್ಲಿಯೋರ್ದು ಈಗ ಯಾವುದು ನಡದೈತಿ?” ಎಂದು ಕೇಳುವರು. ಅವಳು ಅದನ್ನೂ ಹೇಳುವಳು. ಮಾವ ತೀರಿಕೊಂಡು ಈಗ ಎರಡು ಮಳೆಗಾಲ ಕಳೆದವು. ಈರಮ್ಮ ಆದೋನಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ಹೋದ ತಿಂಗಳ ಬೀಳ್ಕೊಡುಗೆಗೆ ಅವಳೂ ಬಂದಿದ್ದಳು. ಹಾರ, ಶಾಲು, ಭಾಷಣ ಎಲ್ಲ ಆದವು. ಎರಡು ಮಾತಾಡಿ ಎಂದು ಟೀಚರಮ್ಮನ ಕೈಗೆ ಮೈಕ್ ಕೊಟ್ಟರೆ, ಅವರು ವಾಚ್ ನೋಡಿಕೊಂಡು, “ಎಲ್ಲಾರೂ ಚಂದಾಗಿ ಓದ್ರಿ. ಬಸ್ಸಿನ ಹೊತ್ತಾತು” ಎಂದು ಇಳಿದುಬಿಟ್ಟರು. ಸಭೆ ಬಿದ್ದು ಬಿದ್ದು ನಕ್ಕಿತು. ನೌಕರಿ ಉದ್ದಕ್ಕೂ ಅವರು ಹಾಗೆಯೇ. ಮದುವೆಯೂಟ ಇರಲಿ, ಮೀಟಿಂಗ್ ಇರಲಿ, ಆದೋನಿಯ ಬಸ್ಸಿಗೆ ಹೊತ್ತಾದರೆ ಎದ್ದು ಹೋಗುವುದೇ. ಆ ಬಸ್ಸನ್ನು ಅವರು ಕೈಯಾರೆ ಬಿಟ್ಟದ್ದನ್ನು ನಾನು ಕಂಡದ್ದು ಒಂದೇ ಸಲ.

ಈರಮ್ಮ ನಮ್ಮ ಮನೆಗೆ ಬಂದ ಆ ವರ್ಷ ಕಳೆದು, ಮತ್ತೊಂದು ಯುಗಾದಿ ದಾಟಿತ್ತು. ಸುಗ್ಗಿಗೆ ಹೋದ ಲಾರಿಗಳು ಊರಿಗೆ ಬಂದಿದ್ದವು. ಮಧ್ಯಾಹ್ನ ಶಾಲೆ ಬಿಟ್ಟು ನಾನೂ ಟೀಚರಮ್ಮನೂ ಗೇಟಿನ ಹತ್ತಿರ ಬಂದೆವು. ಬಸ್ಸು ಅರಳಿಮರದ ಕೆಳಗೆ ಆಗಲೇ ನಿಂತಿತ್ತು. ಗೇಟಿನಲ್ಲಿ ಈರಮ್ಮನ ಅವ್ವ. ಬಿಸಿಲಿಗೆ ಇನ್ನಷ್ಟು ಕಪ್ಪಾಗಿದ್ದಳು. ಬೆರಳ ತುದಿಗಳೆಲ್ಲ ಮೆಣಸಿನಕಾಯಿಯ ಖಾರಕ್ಕೆ ಸುಲಿದಿದ್ದವು. ಕೂಸು ಈಗ ಕೆಳಗಿಳಿದು ಅವಳ ಸೀರೆ ಹಿಡಿದು ನಿಂತಿತ್ತು.

“ಮಗಳು ನಮ್ಮನಿಗಿ ಹೋದ್ಲಲ್ಲ ಆಗಲೇ. ಅಲ್ಲೇ ಅದಾಳ ನೋಡು, ಹೋಗು” ಎಂದೆ.

“ಅಕಿನ್ನ ನೋಡೀನ್ರಿ. ಟೀಚರ್ನ ನೋಡಾಕ ಬಂದೆ” ಎಂದು ಅವಳು ಟೀಚರಮ್ಮನ ಕಡೆ ತಿರುಗಿದಳು. “ಅಲ್ಲಿ ಮೇಸ್ತ್ರಿ ಎಲ್ಲಾರ ಕಡಿಂದ ಹೆಬ್ಬಟ್ಟು ಒತ್ತಿಸ್ಕೋತಾನ್ರಿ. ನನ್ನ ಮಗಳು ಓದ್ತಾಳಂದೆ. ಮಗಳು ಓದಿದ್ರ ನೀನು ಒತ್ತೂದು ತಪ್ಪತೈತೇನು ಅಂದ. ಎಲ್ಲಾರೂ ನಕ್ರು.” ಸುಲಿದ ಬೆರಳುಗಳನ್ನು ಮುಂದೆ ಚಾಚಿ ಹೇಳಿದಳು: “ಮುಂದಿನ ಸಲ ನಾ ಒತ್ತಂಗಿಲ್ರಿ. ಈ ಬೆರಳಿಗಿ ಪೆನ್ನು ಹಿಡಿಯಾಕ ಬರ್ತೈತೋ ಇಲ್ಲೋ ಗೊತ್ತಿಲ್ಲ. ಆದ್ರ ನನ್ನ ಹೆಸರು ಬರ್ದು ತೋರಸ್ರಿ.”

ಬಸ್ಸು ಹಾರ್ನ್ ಹೊಡೆಯಿತು. ಕಂಡಕ್ಟರ್ ಬಾಗಿಲಿಂದ ತಲೆ ಹೊರಗೆ ಹಾಕಿ, “ಮೇಡಂ, ರಂಡಿ ರಂಡಿ, ಟೈಮ್ ಅಯಿಂದಿ!” ಎಂದು, ಬನ್ನಿ ಹೊತ್ತಾಯಿತೆಂದು ತೆಲುಗಿನಲ್ಲಿ ಕೂಗಿದ. ಟೀಚರಮ್ಮ ಅವನ ಕಡೆ ನೋಡದೆ, ಹೋಗು ಎಂಬಂತೆ ಕೈ ಬೀಸಿದರು. ಚೀಲವನ್ನು ನನ್ನ ಕೈಗೆ ಕೊಟ್ಟರು. ಗೇಟಿನ ನೆರಳಿನಲ್ಲಿ ನೆಲದ ಮೇಲೆಯೇ ಕೂತು, ಮುಂದಿನ ಕಸಕಡ್ಡಿ ಸರಿಸಿ, ಧೂಳನ್ನು ಅಂಗೈಯಿಂದ ಹದವಾಗಿ ಸವರಿದರು. ಅವಳೂ ಎದುರಿಗೆ ಕೂತಳು. ಟೀಚರಮ್ಮ ಬೆರಳನ್ನು ನೆಲಕ್ಕೆ ಮುಟ್ಟಿಸಿ, ಬರೆಯಲು ಹೊರಟವರು ಹಾಗೇ ಬೆರಳು ತಡೆದರು. ಇಷ್ಟು ವರ್ಷ ನಮಗೆಲ್ಲ ಅವಳು ಈರಮ್ಮನ ಅವ್ವ.

“ನಿನ್ನ ಹೆಸರೇನಮ್ಮಾ?” ಎಂದು ಕೇಳಿದರು.

ಅವಳು ಒಂದು ಸಲ ನನ್ನನ್ನು, ಒಂದು ಸಲ ಧೂಳೆಬ್ಬಿಸಿಕೊಂಡು ಹೊರಟ ಬಸ್ಸನ್ನು ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮದುಮಗಳ ಹಾಗೆ ನಾಚಿ, “ಸುಂಕಮ್ಮ ರೀ” ಎಂದಳು.